ಐದು ಕಿಲೋ ಹಕ್ಕಿ

ಪರೀಕ್ಷಕರ ವರದಿಯ ಒಂದು ಸಾಲು ಶೈಲಾಳನ್ನು ಹತ್ತು ದಿನದಿಂದ ಕೊರೆಯುತ್ತಿತ್ತು. 'ಈ ಬಟ್ಟಲುಗಳನ್ನು ಬರೆದವನಿಗೆ ಅಕ್ಷರ ಸರಿಯಾಗಿ ಬರುತ್ತಿರಲಿಲ್ಲ, ಅಷ್ಟೇ. ನಾಲ್ಕನೇ ಅಧ್ಯಾಯ ತೆಗೆಯಿರಿ.'

ತೆಗೆದರೆ ಪಿಎಚ್.ಡಿ.ಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಸೆಮಿನರಿಯಲ್ಲಿ ಹೀಬ್ರೂ ಕಲಿತು, ಅಲ್ಲಿಂದ ಅದರ ಸೋದರ ಭಾಷೆ ಅರಮಾಯಿಕ್‌ಗೆ ಜಾರಿ, ಏಳು ವರ್ಷ ಅವಳು ಓದಿದ್ದು ಹನ್ನೆರಡು ಮಣ್ಣಿನ ಬಟ್ಟಲುಗಳನ್ನು. ಸಾವಿರದೈನೂರು ವರ್ಷದ ಹಿಂದೆ ಇರಾಕಿನ ಕಡೆ ಯಾರೋ ಅವುಗಳ ಒಳಮೈಗೆ ಸುರುಳಿಯಾಗಿ ಮಂತ್ರ ಬರೆದು, ದೆವ್ವ ಒಳಗೆ ಬಾರದಿರಲೆಂದು ಹೊಸ್ತಿಲ ಕೆಳಗೆ ಬೋರಲಾಗಿ ಹೂತಿದ್ದರು. ಹನ್ನೆರಡೂ ಒಂದೇ ಕೈಬರಹ. 'ಹ' ಸದ್ದಿನ ಅಕ್ಷರ ಇರಬೇಕಾದ ಕಡೆ ಅದು ಇಲ್ಲ. ಆ ಜನ 'ಹ' ನುಡಿಯುತ್ತಿರಲಿಲ್ಲ, ಬಾಯಲ್ಲಿದ್ದುದೇ ಬರಹಕ್ಕೆ ಬಂತು ಎಂಬುದು ಅವಳ ವಾದ. ಆದರೆ ಹದಿನಾಲ್ಕು ಕಡೆ ಬೇಡದ ಜಾಗದಲ್ಲೂ 'ಹ' ಇತ್ತು. ನುಡಿಯದವರು ಅದನ್ನು ಯಾಕೆ ಸೇರಿಸುತ್ತಾರೆ? ವಾದ ಅಲ್ಲಿ ಮುಗ್ಗರಿಸುತ್ತಿತ್ತು.

ಭಾನುವಾರ ಚರ್ಚಿನಿಂದ ಆಂಟಾಪ್ ಹಿಲ್‌ನ ಮನೆಗೆ ಬಂದ ಮೇಲೆ ಅವ್ವ ಸಾಮಾನಿನ ಚೀಟಿ ಬರೆದು ತಮ್ಮ ಸಂದೀಪನ ಕೈಗಿಟ್ಟಳು. ಅವನು ಗಟ್ಟಿಯಾಗಿ ಓದಿದ.

"ಆಲು ಎರಡು ಪಾಕೀಟು. ಹಕ್ಕಿ ಐದು ಕಿಲೋ. ಅವ್ವ, ಕೌನ್ಸಾ ಹಕ್ಕಿ? ಪಾರಿವಾಳ ಚಲೇಗಾ?"

"ಮುಚ್ಚಲಾ ಬಾಯಿ. ಅಕ್ಕಿ ಇಲ್ದೆ ಒಟ್ಟೆಗೇನ್ ತಿಂತೀಯ?"

ಶೈಲಾ ಚೀಟಿ ಕಿತ್ತುಕೊಂಡಳು. ಕೊಳ್ಳೇಗಾಲದ ಕಡೆಯ ಅವ್ವ ಹಾಲಿಗೆ ಆಲು, ಹೂವಿಗೆ ಊವು ಅನ್ನುವವಳು. ಅಕ್ಕಿಗೆ ಮಾತ್ರ ಒಂದು 'ಹ' ಅಂಟಿಸಿದ್ದಳು.

"ಇದನ್ಯಾಕೆ ಹಾಕಿದೆ ಅವ್ವ?"

"ಕಲ್ತೋರು ಆಕ್ತಾರಲ್ಲ. ಎಲ್ಲೆಲ್ಲಿ ಅಂತ ನಂಗೇನ್ ಗೊತ್ತು? ಬರ್ಯೋವಾಗ ಉಷಾರಾಗಿ ಬರೀತೀನಪ್ಪ."

ಶೈಲಾ ಲ್ಯಾಪ್‌ಟಾಪ್ ತೆರೆದು ಬಟ್ಟಲುಗಳ ಫೋಟೋ ಒಂದೊಂದಾಗಿ ನೋಡಿದಳು. ಬೇಡದ ಆ ಹದಿನಾಲ್ಕು 'ಹ'ಗಳೂ ಆಯಾ ಬಟ್ಟಲಿನ ಮೊದಲ ಸಾಲಿನಲ್ಲೇ ಇದ್ದವು. ದೇವರನ್ನೂ ದೇವದೂತರನ್ನೂ ಕರೆಯುವ ಸಾಲು ಅದು, ಕೈ ಅತ್ಯಂತ ಜೋಪಾನವಾಗಿ ಬರೆಯುವ ಜಾಗ. ಮುಂದೆ ಜ್ವರ, ಮಗು, ಹಟ್ಟಿ ಎಂಬ ಮಾತು ಬಂದಲ್ಲೆಲ್ಲ ಒಂದೂ ಇಲ್ಲ. ಅದು ಅಕ್ಷರ ಬಾರದವರ ತಪ್ಪಾಗಿರಲಿಲ್ಲ. ಕಷ್ಟಪಟ್ಟು ಸರಿಯಾಗಿ ಬರೆಯಲು ಹೊರಟವರ ತಪ್ಪು.

"ಅವ್ವ, ಮಂಗಳವಾರ ವೈವಾ ಪರೀಕ್ಷೆಯಲ್ಲಿ ಎಲ್ಲರ ಮುಂದೆ ಈ ಚೀಟಿ ತೋರಿಸಲಾ?"

ಅವ್ವ ತಟ್ಟೆ ಒರೆಸುವುದನ್ನು ನಿಲ್ಲಿಸಿದಳು. "ನಾನು ಸ್ಕೂಲ್ ಮೀಟಿಂಗ್‌ಗೆ ಬಂದ್ರೆ ನೀನೇ ಬಾಯಿ ಬಿಡ್ಬೇಡ ಅಂತಿದ್ದೆ. ಈಗ ತೋರುಸ್ತೀಯಾ?"

ಶೈಲಾ ಚೀಟಿಯನ್ನು ಅವ್ವನತ್ತ ಚಾಚಿದಳು.

"ನಾನೂ ಬತ್ತೀನಿ," ಎಂದಳು ಅವ್ವ. "ನನ್ ಮ್ಯಾಲೆ ಏನೇನ್ ಏಳ್ತೀಯೋ ಕೂತ್ಕಂಡು ಕೇಳ್ತೀನಿ."

ಮಂಗಳವಾರ ಅವ್ವ ಕ್ರಿಸ್ಮಸ್ಸಿನ ಸೀರೆಯುಟ್ಟು ಹಿಂದಿನ ಸಾಲಿನಲ್ಲಿ ಕೂತಳು. ಪರದೆಯ ಮೇಲೆ ಹನ್ನೆರಡೂ ಬಟ್ಟಲುಗಳ ಮೊದಲ ಸಾಲಿನ ಪಕ್ಕ ಚೀಟಿ ಬಂತು. ಅಕ್ಕಿ ಹಕ್ಕಿಯಾದ ಬಗೆಯನ್ನು ಶೈಲಾ ಇಂಗ್ಲಿಷಿನಲ್ಲಿ ವಿವರಿಸಿದಾಗ ಕೆಲವರು ನಕ್ಕರು.

"ಇದನ್ನು ಬರೆದವರು ನನ್ನ ತಾಯಿ," ಎಂದಳು. "ಅಲ್ಲೇ ಕೂತಿದ್ದಾರೆ."

ನಗು ನಿಂತಿತು. ಪುಣೆಯಿಂದ ಬಂದಿದ್ದ ಪರೀಕ್ಷಕರು ಎದ್ದು ಪರದೆಯ ಹತ್ತಿರ ಹೋಗಿ ಹದಿನಾಲ್ಕನ್ನೂ ತಾವೇ ಎಣಿಸಿದರು. ಮರಳಿ ಬಂದು ತಮ್ಮ ವರದಿಯ ಒಂದು ಸಾಲನ್ನು ಹೊಡೆದುಹಾಕಿದರು.

"ಅಧ್ಯಾಯ ಇರಲಿ. ಆದರೆ ಅದನ್ನು ಮೊದಲಿಗೆ ತನ್ನಿ."

ಮೆಟ್ಟಿಲಿಳಿಯುವಾಗ ಅವ್ವ ಕೇಳಿದಳು: "ಮಾತು ಮಾತಿಗೂ 'ಈ, ಈ' ಅಂತಿದ್ದೆ. ಇಂಗ್ಲೀಸಲ್ಲಿ ಅದು 'ಅವ್ನು' ಅಂತ ತಾನೆ?"

"ಹೂಂ. ಬಟ್ಟಲು ಬರೆದವನು."

"ಗಂಡ್ಸು ಅಂತ ಎಂಗ್ ಗೊತ್ತಾಯ್ತು? ಅಟ್ಟಿ, ಮಗ, ಜರ ಅಂತೆಲ್ಲ ಬರ್ದದೆ ಅಂತ ಮನೇಲಿ ಅಂದಿದ್ದೆ. ಎಂಗ್ಸೂ ಆಗಿರ್ಬೋದಲ್ವಾ?"

ಏಳು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಶೈಲಾ ಅಲ್ಲೇ ಮೆಟ್ಟಿಲ ಮೇಲೆ ಕೂತು ಬ್ಯಾಗಿನಲ್ಲಿ ಪೆನ್ನು ಹುಡುಕತೊಡಗಿದಳು.