ಹೊಸಬರು ಬೇಡ

ಮಗಳು ಅಮ್ಮನ ಮುಂಗೈಯಲ್ಲಿದ್ದ ಆಸ್ಪತ್ರೆಯ ಪಟ್ಟಿಯನ್ನು ಕತ್ತರಿಸುತ್ತಿದ್ದಾಗ ಹೋಟೆಲಿನಿಂದ ಮೊದಲ ಇಬ್ಬರು ಬಂದರು. ತರಕಾರಿ ಹೆಚ್ಚುವವಳು, ಪಾತ್ರೆ ತೊಳೆಯುವವಳು. ಇಬ್ಬರೂ ಏಪ್ರನ್ ಬಿಚ್ಚಿರಲಿಲ್ಲ.

“ಉಳಿದಿಬ್ಬರು?”

“ನಾವು ಹೋದ್ಮೇಲೆ ಬರ್ತಾರೆ. ಒಲೆ ಆರಿಸೋ ಹಾಗಿಲ್ವಲ್ಲ,” ಎಂದ ತರಕಾರಿಯವಳು ಕೆಳಗೆ ಕೂತು ಸತ್ತವಳ ಪಾದ ಮುಟ್ಟಿದಳು. “ಅಕ್ಕ ಇಷ್ಟು ಹೊತ್ತು ಮಲಗಿದ್ದನ್ನ ನಾನು ಕಂಡೇ ಇಲ್ಲ. ಈಗ ಎದ್ದು, ಈರುಳ್ಳಿ ಹಾಗೇ ಬಿಟ್ಟು ಇಲ್ಲೇನು ಮಾಡ್ತಿದ್ದೀರ ಅಂತಾಳೆ ನೋಡು.”

ಪಾತ್ರೆಯವಳು ನಗಲು ಹೋಗಿ ಅತ್ತುಬಿಟ್ಟಳು.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೆಂಟರೆಂದು ಹೇಳಿಕೊಳ್ಳಲು ಅಮ್ಮನಿಗೆ ಇದ್ದದ್ದು ಹೋಟೆಲಿನ ಅಡುಗೆಮನೆಯಲ್ಲಿ ಜೊತೆಗೆ ದುಡಿಯುತ್ತಿದ್ದ ಆ ನಾಲ್ವರೇ. ಸ್ಮಶಾನಕ್ಕೆ ಒಯ್ಯುವ ವ್ಯಾನು ಹನ್ನೆರಡೂವರೆಗೆ ಬರುವುದಿತ್ತು. ಆ ಹೊತ್ತಿಗೆ ನಾಲ್ವರೂ ಒಟ್ಟಿಗೆ ಬಾಗಿಲಲ್ಲಿ ನಿಂತಿರಬೇಕೆಂಬುದಷ್ಟೇ ಮಗಳ ಆಸೆ. ಹೂ ಹಿಡಿದು ಬಂದ ಹೋಟೆಲಿನ ಮಾಲೀಕನನ್ನು ಅದನ್ನೇ ಕೇಳಿದಳು.

“ಅರ್ಧ ಗಂಟೆ ಕಳಿಸಿ ಸಾರ್.”

“ಊಟದ ಹೊತ್ತಮ್ಮ ಅದು.” ಅವನು ತನ್ನ ಚಪ್ಪಲಿಯನ್ನೇ ನೋಡಿದ. “ಇನ್ನಿಬ್ಬರನ್ನ ಸೇರಿಸ್ಕೊಳ್ಳೋಣ ಅಂತ ಎರಡು ವರ್ಷದಿಂದ ಹೇಳ್ತಾನೇ ಇದ್ದೆ. ಬಂದವರನ್ನೆಲ್ಲ ನಿಮ್ಮಮ್ಮನೇ ವಾಪಸ್ ಕಳಿಸಿದ್ರು. ಒಬ್ಬಳಿಗೆ ಕೈ ನಿಧಾನ, ಇನ್ನೊಬ್ಬಳಿಗೆ ಬಾಯಿ ಜಾಸ್ತಿ. ಐದು ಜನ ಸಾಕು ಅಂದ್ರು. ನನಗೂ ಅನುಕೂಲವೇ ಆಯ್ತು, ಸುಳ್ಳು ಹೇಳಲ್ಲ.”

ಮಗಳು ಅವನ ಕೈಯಿಂದ ಹೂ ತೆಗೆದುಕೊಂಡಳು. ನಿಜವಾದ ಕಾರಣ ಅವಳಿಗೆ ಗೊತ್ತಿತ್ತು.

*

ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ಅಮ್ಮ ನೀರು ಕುಡಿಯುವಾಗ ಲೋಟ ಹಲ್ಲಿಗೆ ಕಟಕಟ ಬಡಿದಿತ್ತು.

“ಕೆಲಸ ಬಿಟ್ಬಿಡಮ್ಮ.”

“ಬಿಟ್ಟು? ಗೋಡೆ ನೋಡ್ಕೊಂಡು ಕೂರ್ಲಾ?” ಅಮ್ಮ ಲೋಟ ಕೆಳಗಿಟ್ಟಳು. “ಇವತ್ತೂ ಒಬ್ಬಳು ಕೆಲಸ ಕೇಳ್ಕೊಂಡು ಬಂದಿದ್ಲು. ಚುರುಕಾಗಿದ್ಲು. ಬಂದವಳೇ ನನ್ನ ಕೈ ನೋಡಿದ್ಲು. ಜಾಗ ಇಲ್ಲ ಅಂತ ಕಳಿಸ್ದೆ.”

“ಕೈ ನಡುಗೋದು ಉಳಿದವರಿಗೆ ಗೊತ್ತಾ?”

“ಗೊತ್ತಿಲ್ದೆ ಏನು? ಬಿಸಿ ಪಾತ್ರೆ ಇಳಿಸೋ ಹೊತ್ತಿಗೆ ಯಾರಾದ್ರೂ ಒಬ್ಬಳು ಪಕ್ಕಕ್ಕೆ ಬಂದು ನಿಂತಿರ್ತಾಳೆ. ಕರೆಯೋದೇ ಬೇಡ. ಹೊಸಬಳು ಹಾಗೆ ನಿಲ್ತಾಳಾ?”

ಲೋಟ ತೊಳೆದಿಡುತ್ತ, ಯಾರಿಗೋ ಎಂಬಂತೆ ಹೇಳಿದಳು: “ಪಾಪ, ಅವಳು ಎರಡು ಬಸ್ಸು ಹತ್ತಿ ಬಂದಿದ್ಲಂತೆ.”

*

ಎರಡನೇ ಜೋಡಿಯೂ ಬಂದು, ಗಡಿಯಾರ ನೋಡುತ್ತ ಅತ್ತು, ಹೋಯಿತು. ಹನ್ನೆರಡೂವರೆಗೆ ಬಾಗಿಲಲ್ಲಿ ಮಗಳೊಬ್ಬಳೇ ಇದ್ದಳು. ವ್ಯಾನಿನ ಡ್ರೈವರು, ಅವನ ಜೊತೆಗಾರ ಸೇರಿ ಅಮ್ಮನನ್ನು ಎತ್ತಿದರು.

“ಹೋಟೆಲ್ ಬೀದಿ ಮೇಲೆ ಹೋಗೋಣ್ವಾ?”

“ನಿಲ್ಲಿಸೋಕೆ ಜಾಗ ಸಿಗಲ್ಲಮ್ಮ. ನಿಧಾನಕ್ಕೆ ಬಿಡ್ತೀನಿ,” ಎಂದ ಡ್ರೈವರು.

ಹೋಟೆಲಿನ ಮುಂದೆ ಜನ ಕಾದು ನಿಂತಿದ್ದರು. ಗಾಜಿನ ಬಾಗಿಲ ಒಳಗಡೆ ತರಕಾರಿಯವಳು ಒಂದು ಹಾಳೆ ಅಂಟಿಸುತ್ತಿದ್ದಳು: ‘ಅಡುಗೆಮನೆ ಕೆಲಸಕ್ಕೆ ಹೆಂಗಸರು ಬೇಕಾಗಿದ್ದಾರೆ.’ ಇನ್ನೂ ಸ್ವಲ್ಪ ಎಡಕ್ಕೆ ಎಂದು ಮಾಲೀಕ ಕೂತಲ್ಲಿಂದಲೇ ಕೈ ತೋರಿಸುತ್ತಿದ್ದ. ಅವಳು ವ್ಯಾನನ್ನು ಕಂಡಳು. ಅಂಟು ಹಸಿಯಾಗಿತ್ತು, ಕೈ ತೆಗೆದರೆ ಹಾಳೆ ಜಾರುತ್ತಿತ್ತು. ಎರಡೂ ಅಂಗೈಗಳಿಂದ ಅದನ್ನು ಒತ್ತಿ ಹಿಡಿದುಕೊಂಡೇ ಅವಳು ಹಣೆಯನ್ನು ಗಾಜಿಗೆ ಆನಿಸಿದಳು.