ಹಾವೇರಿ ಫೈನಲ್ಲಿನ ಕೊನೆಯ ರೈಡು

ಸೋತದ್ದು ಎರಡೇ ಪಾಯಿಂಟಿಗಲ್ಲವೇ ಎಂದು ಯಾರಾದರೂ ಸಮಾಧಾನ ಹೇಳಲು ಬಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತೇಳಕ್ಕೆ ಇಪ್ಪತ್ತೊಂಬತ್ತು. ಎರಡು ಸಾವಿರದ ಆರನೇ ಇಸವಿಯ ಡಿಸೆಂಬರಿನಲ್ಲಿ, ಹಾವೇರಿಯಲ್ಲಿ ನಡೆದ ಕಾಲೇಜುಗಳ ಕಬಡ್ಡಿ ಫೈನಲ್ಲಿನಲ್ಲಿ, ನಮ್ಮ ಬ್ಯಾಡಗಿ ಹುಡುಗರು ರಾಣೆಬೆನ್ನೂರಿನವರ ಎದುರು ಸೋತರು. ಇಪ್ಪತ್ತು ಸೆಕೆಂಡು ಉಳಿದಿದ್ದಾಗ ಗೆಲುವು ನಮ್ಮ ಉಡಿಯೊಳಗೇ ಬಿದ್ದಿತ್ತು. ಅಂಥದ್ದನ್ನು ಕಳೆದುಕೊಂಡವರಿಗೆ ಎರಡೂ ಒಂದೇ, ಇಪ್ಪತ್ತೂ ಒಂದೇ.

ನಾನು ಹೇಮಪ್ಪ. ಆ ಕಾಲೇಜಿನಲ್ಲಿ ಓದಿದವನಲ್ಲ, ಆದರೆ ಅದರ ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ. ರಾಣೆಬೆನ್ನೂರು–ಬ್ಯಾಡಗಿ ಬಸ್ಸಿನ ಕಂಡಕ್ಟರು. ಫೈನಲ್ಲಿಗೂ ಬೆಳಗಿನ ಡ್ಯೂಟಿ ಮುಗಿಸಿ, ಬಟ್ಟೆ ಸಹ ಬದಲಿಸದೆ ಓಡಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ನಾಲಿಗೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಸೋತ ಮರುದಿನದಿಂದ ಹದಿನೈದು ದಿನ, ಟಿಕೆಟ್ ಹರಿದು ಕೊಡುವಾಗೆಲ್ಲ ಪ್ರಯಾಣಿಕರಿಗೆ ಒಂದೇ ಮಾತು ಹೇಳಿದೆ: ಚೇತನಕುಮಾರ ಬೇಕಂತಲೇ ಸೋತ, ಬೀಗರಿಗೆ ಕಪ್ಪು ಬಿಟ್ಟುಕೊಟ್ಟ.

ಸುಮ್ಮನೆ ಹೇಳಿದ್ದಲ್ಲ. ಚೇತನಕುಮಾರ ನಮ್ಮ ತಂಡದ ಎಲ್ಲರಿಗಿಂತ ಚುರುಕಾದ ರೈಡರು. ಕದರಮಂಡಲಗಿಯ ಹುಡುಗ, ಕೊನೆಯ ವರ್ಷದ ಬಿ.ಎ. ಕೊನೆಯ ರೈಡಿಗೆ ಅವನು ಎದುರಾಳಿಗಳ ಅಂಗಳಕ್ಕೆ ಹೋದಾಗ ನಮ್ಮದು ಇಪ್ಪತ್ತೇಳು, ಅವರದು ಇಪ್ಪತ್ತೆಂಟು. ಇಬ್ಬರನ್ನು ಮುಟ್ಟಿದ. ಇನ್ನು ನಡುಗೆರೆ ದಾಟಿ ಈಚೆ ಬಂದರೆ ಗೆದ್ದಂತೆ. ತಿರುಗಿ ಓಡಿಬಂದವನು ಗೆರೆ ಒಂದೇ ಹೆಜ್ಜೆ ಇರುವಾಗ ನಿಂತುಬಿಟ್ಟ. ಯಾರೂ ಹಿಡಿದಿರಲಿಲ್ಲ, ಕಾಲು ಜಾರಿರಲಿಲ್ಲ, ಸುಮ್ಮನೆ ನಿಂತ. ಹಿಂದಿನಿಂದ ಬಂದು ಅವನ ಸೊಂಟ ಹಿಡಿದು ಕೆಡವಿದವನು ವೀರೇಂದ್ರ. ಈ ವೀರೇಂದ್ರ ಯಾರು ಅಂದರೆ ಚೇತನನ ಅಕ್ಕ ಶ್ವೇತಾಳ ಮೈದುನ. ಇದಕ್ಕಿಂತ ಹೆಚ್ಚು ಏನು ಬೇಕು?

ತಂಡಕ್ಕೆ ವರ್ಷವರ್ಷವೂ ಬನಿಯನ್ ಕೊಡಿಸುವ ಮೆಣಸಿನಕಾಯಿ ವ್ಯಾಪಾರಿ ಕರಬಸಪ್ಪನಿಗೆ ಒಂದು ಸಲಹೆ ಕೊಟ್ಟವನೂ ನಾನೇ. ಹುಡುಗ ತಪ್ಪು ಮಾಡಿಲ್ಲ ಅನ್ನುವುದಾದರೆ ತನ್ನೂರಿನ ಆಂಜನೇಯನ ಮುಂದೆ ನಿಂತು ಆಣೆ ಮಾಡಲಿ, ಇಲ್ಲದಿದ್ದರೆ ಜನವರಿಯ ಯೂನಿವರ್ಸಿಟಿ ಸೆಲೆಕ್ಷನ್ನಿಗೆ ಅವನ ಹೆಸರು ಹೋಗುವುದು ಬೇಡ ಎಂದೆ. ಕರಬಸಪ್ಪ ಹೇಳಿದರೆ ಕಾಲೇಜಿನವರೂ ಇಲ್ಲ ಅನ್ನುತ್ತಿರಲಿಲ್ಲ. ಚೇತನ ಆಣೆಯನ್ನೂ ಮಾಡಲಿಲ್ಲ, ಪ್ರಾಕ್ಟೀಸಿಗೂ ಬರಲಿಲ್ಲ. ನನ್ನ ಬಸ್ಸು ಹತ್ತುವುದನ್ನೂ ಬಿಟ್ಟ. ನೋಡಿದಿರಾ, ಕಳ್ಳನಿಗೆ ಮುಖ ಇಲ್ಲ ಎಂದು ಅದನ್ನೂ ಬಸ್ಸಿನಲ್ಲಿ ಹೇಳಿದೆ.

ಭಾನುವಾರ ಬೆಳಿಗ್ಗೆ ನಾವು ಬ್ಯಾಡಗಿಯ ಸ್ಟೇಷನ್ ರಸ್ತೆಯ ಫಕ್ರುದ್ದೀನನ ಸ್ಟುಡಿಯೋದಲ್ಲಿ ಕೂಡಿದ್ದು ಅರುಣಾಳ ಹಟಕ್ಕೆ. ಅರುಣಾ ಅದೇ ಕಾಲೇಜಿನ ಖೋಖೋ ಆಟಗಾರ್ತಿ, ಕಬಡ್ಡಿ ತಂಡದ ಸ್ಕೋರು ಬರೆಯುವವಳು. ಆಣೆ ಗೀಣೆ ಆಮೇಲೆ, ಮೊದಲು ಮ್ಯಾಚಿನ ಸಿ.ಡಿ. ನೋಡೋಣ ಎಂದು ಪಟ್ಟು ಹಿಡಿದಿದ್ದಳು. ಫಕ್ರುದ್ದೀನ ನಮ್ಮ ಕಡೆಯ ಎಲ್ಲ ಮದುವೆಗಳ ವಿಡಿಯೋದವನು. ಫೈನಲ್ ಶೂಟ್ ಮಾಡಿದವನೂ ಅವನೇ. ಎಡಿಟಿಂಗಿಗೆ ಹದಿನೈದು ದಿನ ತೆಗೆದುಕೊಂಡಿದ್ದ.

ಸಿ.ಡಿ. ಹಾಕಿದ. ಮೊದಲು ಗಣಪತಿ ಬಂದ. ಆಮೇಲೆ ಗುಲಾಬಿ ಹೂವು ಅರಳಿ ಅದರೊಳಗಿಂದ ನಮ್ಮ ಕ್ಯಾಪ್ಟನ್ನು ಎದ್ದುಬಂದ.

"ಇದೇನೋ ಫಕ್ರೂ, ಮದುವಿ ಮಾಡಿಸೀ ಏನು?" ಎಂದ ಕರಬಸಪ್ಪ.

"ಅಣ್ಣಾರ, ಸ್ವಲ್ಪ ಛಲೋ ಕಾಣಲಿ ಅಂತ ಹಾಕೇನ್ರಿ."

ಆದರೆ ಆಟ ಶುರುವಾದದ್ದೇ ತಡ, ನಮಗೆ ಗುಲಾಬಿಯೆಲ್ಲ ಮರೆತುಹೋಯಿತು. ಸೋಲು ಗೊತ್ತಿರುವ ಆಟವನ್ನೇ ಮತ್ತೆ ನೋಡುತ್ತ, ಈ ಸಲವಾದರೂ ಗೆದ್ದೇವು ಎಂಬಂತೆ ಕುರ್ಚಿಯ ತುದಿಗೆ ಬಂದು ಕುಳಿತೆವು. ಕರಬಸಪ್ಪ ಎದ್ದು ನಿಂತು ಟಿ.ವಿ.ಯ ಗಾಜಿಗೇ ಬೆರಳು ಹಚ್ಚಿದ. ಎಡಗಡೆಯ ಮೂಲೆಯವನು ಒಂದು ಹೆಜ್ಜೆ ಹಿಂದೆ ನಿಲ್ಲಬೇಕಿತ್ತು ಎಂದು ಅವನು. ಮೂಲೆಯವನದಲ್ಲ, ಕೈ ಕೈ ಹಿಡಿದು ನಿಂತವರು ಬೇಗ ಬಿಟ್ಟರು ಎಂದು ನಾನು. ಇಬ್ಬರದೂ ತಪ್ಪು ಎಂದು ಅರುಣಾ ನೋಟ್‌ಬುಕ್ಕು ತೆಗೆದು, ಎಷ್ಟನೇ ನಿಮಿಷಕ್ಕೆ ಎಷ್ಟು ಪಾಯಿಂಟು ಎಂದು ಓದಿ ತೋರಿಸಿದಳು. ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆವು. ಅವಳೇ ಖರೇ ಇದ್ದಳು. ಚಹಾ ಬಂತು, ಆರಿತು, ಯಾರೂ ಮುಟ್ಟಲಿಲ್ಲ.

ಕೊನೆಯ ರೈಡು ಬಂತು. ಚೇತನ ಒಳಗೆ ಹೋದ, ಒಬ್ಬನನ್ನು ಮುಟ್ಟಿದ, ಬಗ್ಗಿ ಇನ್ನೊಬ್ಬನನ್ನು ಮುಟ್ಟಿದ, ತಿರುಗಿದ. ಅಷ್ಟರಲ್ಲಿ ತೆರೆಯ ಮೇಲೆ ದೊಡ್ಡದೊಂದು ಹೃದಯದ ಆಕಾರ ಬಂತು, ಅದರೊಳಗೆ ಮುಖ್ಯ ಅತಿಥಿಗಳು ನಗುತ್ತ ಕಪ್ಪು ಕೊಡುತ್ತಿದ್ದರು. ಹಿಂದೆ ಶಹನಾಯಿ.

ಕರಬಸಪ್ಪನ ಮುಖ ಕೆಂಪಾಯಿತು. "ಎಲ್ಲೋ ಆ ರೈಡು?"

"ಅದರಾಗ ನಾವು ಸೋತೇವಲ್ರೀ," ಎಂದ ಫಕ್ರುದ್ದೀನ ಮೆಲ್ಲಗೆ. "ಮದುವ್ಯಾಗ ಜಗಳಾ ಬಂದ್ರ ನಾವು ಕತ್ತರಿಸಿ ಹೂವು ಹಾಕ್ತೇವ್ರಿ. ರೂಢಿ."

ನಾನು ಅವನ ಮೇಲೆ ಎಗರಿದೆ, ಕರಬಸಪ್ಪ ನನಗಿಂತ ಮೊದಲು ಎಗರಿದ. ಅರುಣಾ ಮಾತ್ರ ಕೂತಲ್ಲೇ ಕೇಳಿದಳು: "ಮೂಲ ಕ್ಯಾಸೆಟ್ ಐತಿಲ್ರೀ ಅಣ್ಣಾರ?"

ಇತ್ತು. ಫಕ್ರುದ್ದೀನ ಕ್ಯಾಮೆರಾವನ್ನೇ ತಂದು ಟಿ.ವಿ.ಗೆ ವಾಯರು ಸಿಕ್ಕಿಸಿದ. ಈ ಸಲ ಶಹನಾಯಿ ಇಲ್ಲ, ಮೈದಾನದ ಗದ್ದಲವೇ ಕೇಳಿಸಿತು. ಚೇತನ ಇಬ್ಬರನ್ನು ಮುಟ್ಟಿ ತಿರುಗಿದ. ಅಲ್ಲಿಗೆ ಫಕ್ರುದ್ದೀನನ ರೂಢಿ ಮತ್ತೆ ಕೈಕೊಟ್ಟಿತು. ತಾಳಿ ಕಟ್ಟುವಾಗ ಬೀಗರ ಮುಖ ಹಿಡಿಯುವಂತೆ, ಆಟ ಬಿಟ್ಟು ಕ್ಯಾಮೆರಾ ಜನರ ಕಡೆ ತಿರುಗಿತ್ತು. ಕುಣಿಯುವ ತಲೆಗಳು, ಹಾರುವ ಟವೆಲ್ಲುಗಳು. ಕ್ಯಾಮೆರಾ ಮೈದಾನಕ್ಕೆ ಮರಳುವ ಹೊತ್ತಿಗೆ ಚೇತನ ನೆಟ್ಟಗೆ ನಿಂತಿದ್ದ, ವೀರೇಂದ್ರ ಬಂದು ಸೊಂಟ ಹಿಡಿದ, ಆಮೇಲೆ ಅಂಪೈರು ಸೀಟಿ ಊದಿದ.

"ತಡೀರಿ," ಎಂದಳು ಅರುಣಾ. "ಎರಡು ಸೀಟಿ ಆದುವು."

ನಾವು ಮತ್ತೆ ಕೇಳಿದೆವು. ಖರೇ. ಜನರ ಗದ್ದಲದ ನಡುವೆ, ವೀರೇಂದ್ರ ಹಿಡಿಯುವ ಮೊದಲೇ, ಒಂದು ಸೀಟಿ ಸ್ಪಷ್ಟವಾಗಿತ್ತು. ಅರುಣಾ ಹಿಂದಕ್ಕೆ ಓಡಿಸಿ ತೋರಿಸಿದಳು. ಕ್ಯಾಮೆರಾ ತಿರುಗುವ ಮೊದಲು ಅಂಪೈರಿನ ಸೀಟಿ ಎದೆಯ ಮೇಲೆ ನೇತಾಡುತ್ತಿತ್ತು, ಮರಳಿ ಬಂದಾಗಲೂ ಅಲ್ಲೇ ಇತ್ತು. ಅಂದರೆ ಮೊದಲನೆಯದು ಜನರೊಳಗಿಂದ ಬಂದದ್ದು. ಹುಡುಗ ಅದನ್ನು ಕೇಳಿ ರೈಡು ಮುಗಿಯಿತೆಂದು ನಿಂತಿದ್ದಾನೆ.

ಅಬ್ಬಾ, ಆಗಿನ ನಮ್ಮ ಉಮೇದು. ಕರಬಸಪ್ಪ ತೊಡೆ ತಟ್ಟಿಕೊಂಡ. "ರಾಣೆಬೆನ್ನೂರಾವ್ರು ಮೋಸಾ ಮಾಡ್ಯಾರ. ನಾಳೆನ ಯೂನಿವರ್ಸಿಟಿಗೆ ಅರ್ಜಿ ಹಾಕೂಣು."

"ಆ ಮಗ ಯಾರಂತ ಸಿಗಲಿ, ಆ ಸೀಟಿ ಅವಗ ನುಂಗಸ್ತೇನಿ," ಎಂದು ನಾನು ತೋಳು ಮಡಚಿದೆ. "ಫಕ್ರೂ, ಜನಾ ಕಾಣೂ ಕಡೆ ನಿಲ್ಲಸು. ಒಂದೊಂದ ಮಾರಿ ತೋರಸು."

ಫಕ್ರುದ್ದೀನ ಒಂದೊಂದೇ ಚಿತ್ರ ಸರಿಸುತ್ತ ಬಂದ. ಮೊದಲ ಸಾಲು ಇಲ್ಲ. ಎರಡನೇ ಸಾಲು ಇಲ್ಲ. ಮೂರನೇ ಸಾಲಿನಲ್ಲಿ ಬೆಂಚಿನ ಮೇಲೆ ಹತ್ತಿ ಎರಡೂ ಕೈ ಎತ್ತಿದ ಒಬ್ಬ ಮನುಷ್ಯ. ಖಾಕಿ ಅಂಗಿ. ಗಲ್ಲ ಎರಡೂ ಉಬ್ಬಿವೆ. ಬಾಯಲ್ಲಿ ಸೀಟಿ.

ಹೊರಗೆ ರಸ್ತೆಯಲ್ಲಿ ಚೀಲ ಹೇರಿದ ಟ್ರಾಕ್ಟರು ಹೋದದ್ದು ಕೇಳಿಸಿತು. ಆಮೇಲೆ ಮೂವರೂ ಟಿ.ವಿ. ಬಿಟ್ಟು ನನ್ನ ಕಡೆ ತಿರುಗಿದರು.

ದೇವರಾಣೆ, ನನಗೆ ನೆನಪೇ ಇರಲಿಲ್ಲ. ಇಬ್ಬರನ್ನು ಮುಟ್ಟಿದನಲ್ಲ, ಗೆದ್ದೆವೆಂದು ಖುಷಿಗೆ ಕೈ ತಾನಾಗಿಯೇ ಕಿಸೆಯೊಳಗಿನ ಬಸ್ಸಿನ ಸೀಟಿಗೆ ಹೋಗಿರಬೇಕು. ನೆಲ ಬಾಯಿ ತೆರೆದರೆ ಒಳಗೆ ಹೋಗಿಬಿಡುತ್ತಿದ್ದೆ.

"ನುಂಗಸ್ತೇನಿ ಅಂದೆಲ್ಲೊ ಹೇಮಪ್ಪಾ," ಎಂದ ಕರಬಸಪ್ಪ. "ನುಂಗು."

ಅದೇ ಹೊತ್ತಿಗೆ ಕರಬಸಪ್ಪನ ಜೀಪಿನಲ್ಲಿ ಕದರಮಂಡಲಗಿಗೆ ಹೊರಟೆವು. ದಾರಿಯುದ್ದಕ್ಕೂ ಕರಬಸಪ್ಪನೂ ಅರುಣಾಳೂ ಉಳಿದ ಇಪ್ಪತ್ತೇಳು ಪಾಯಿಂಟುಗಳ ಲೆಕ್ಕ ಮಾಡುತ್ತ, ಮುಂದಿನ ವರ್ಷದ ತಂಡವನ್ನೇ ಕಟ್ಟಿಬಿಟ್ಟರು. ನಾನು ಹಿಂದೆ ಕುಳಿತು ಹೇಳಬೇಕಾದ್ದನ್ನು ಜೋಡಿಸುತ್ತಿದ್ದೆ.

ಚೇತನನ ತಾಯಿ ಹೊನ್ನವ್ವ ಅಂಗಳದಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುತ್ತಿದ್ದಳು. ಮಗ ಬಿಸಿಲಿಗೆ ಕಾಯಿ ಹರವುತ್ತಿದ್ದ. ನನ್ನನ್ನು ಕಂಡದ್ದೇ ಅವಳು ಎದ್ದಳು.

"ಇನ್ನ ಏನು ಉಳದೈತ್ರಿ ಹೇಳೂದು? ನನ್ನ ಮಗಳು ಗಂಡನ ಮನ್ಯಾಗ ತಲಿ ಎತ್ತದಂಗ ಮಾಡೀರಿ. ಇವ ಹದಿನೈದು ದಿನಾತು, ಈ ಅಂಗಳಾ ದಾಟಿಲ್ಲ."

ನಾನು ಕೈಮುಗಿದು ಎಲ್ಲ ಹೇಳಿದೆ. ನಾನೇ ಊದಿದ್ದು, ನಾನೇ ಊರೆಲ್ಲ ಸಾರಿದ್ದು. ಈಗಿಂದೀಗಲೇ ಹನುಮಪ್ಪನ ಮುಂದೆ ನಿಂತು ತಪ್ಪೊಪ್ಪಿಕೊಳ್ಳುತ್ತೇನೆ ಅಂದೆ.

ಚೇತನ ಕೈಯ ಖಾರ ಒರೆಸಿಕೊಂಡ. ಅವನ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. "ಹನುಮಪ್ಪಗ ಗೊತ್ತ ಐತ್ರಿ," ಎಂದ. "ನೀವು ಬಸ್ಸಿನಾಗ ಹೇಳೀರಿ. ಬಸ್ಸಿನಾಗ ಹೇಳ್ರಿ."

ಸೋಮವಾರ ಬೆಳಗಿನ ಬಸ್ಸು ಅಂದರೆ ಕಾಲಿಡಲು ಜಾಗ ಇರುವುದಿಲ್ಲ. ಕೂಲಿಗೆ ಹೋಗುವ ಹೆಂಗಸರು, ಮೆಣಸಿನಕಾಯಿ ಮಾರುಕಟ್ಟೆ ಯಾರ್ಡಿನ ಹಮಾಲರು, ಕಾಲೇಜು ಹುಡುಗರು. ಕದರಮಂಡಲಗಿಯಲ್ಲಿ ಚೇತನ ಹತ್ತಿದ. ಬಸ್ಸಿನಲ್ಲಿ ಗುಸುಗುಸು ಎದ್ದಿತು. ಒಬ್ಬ ಹುಡುಗ ಬೀಗರು ಬಂದರು, ಜಾಗ ಬಿಡ್ರಪ್ಪೋ ಎಂದು ಅಣಕಿಸಿದ. ಅದು ನನ್ನದೇ ಮಾತು, ನಾನೇ ಕಲಿಸಿದ್ದು.

ಡ್ರೈವರಿಗೆ ತಡೆ ಎಂದೆ. ಮುಂದಿನ ಬಾಗಿಲ ಹತ್ತಿರ ಎಲ್ಲರಿಗೆ ಕಾಣುವಂತೆ ನಿಂತೆ. ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಒದರಿದ ಗಂಟಲಿನಿಂದಲೇ ಒದರಿ ಹೇಳಿದೆ. ಹುಡುಗ ಯಾರಿಗೂ ಏನೂ ಬಿಟ್ಟುಕೊಟ್ಟಿಲ್ಲ. ಗೆದ್ದ ಮ್ಯಾಚನ್ನು ಸೋಲಿಸಿದವನು ನಾನು, ಹದಿನೈದು ದಿನ ನಿಮಗೆ ಸುಳ್ಳು ಹೇಳಿದವನೂ ನಾನು. ಬೈಯುವುದಿದ್ದರೆ ನನ್ನನ್ನು ಬೈಯಿರಿ.

ಬೈದರು. ಸೊಪ್ಪಿನ ಬುಟ್ಟಿಯ ಮೈಲವ್ವ ಎಲ್ಲರಿಗಿಂತ ಚೆನ್ನಾಗಿ ಬೈದಳು. ಆಮೇಲೆ ಅವಳೇ ಚೇತನನ ಕಡೆ ತಿರುಗಿ ಕೇಳಿದಳು: "ಅಲ್ಲೋ ತಮ್ಮಾ, ದಿನಾ ಈ ಬಸ್ಸಿಗೆ ಬರಾಂವ ನೀ. ಅಂಪೈರನ ಸೀಟಿ ಯಾವುದು, ಇಂವಂದು ಯಾವುದು, ನಿನಗ ತಿಳೀಲಿಲ್ಲೇನು?"

"ತಿಳೀತಬೇ," ಎಂದ ಚೇತನ. "ಅಂಪೈರಂದಾಗಿದ್ರ ಗೆರಿ ದಾಟೇ ನಿಲ್ತಿದ್ದೆ. ಇವರದು ಅಂತ ತಿಳದ ಕಾಲು ನಿಂತುವು. ಮೂರು ವರ್ಷಾತು, ಇವರು ಒಮ್ಮೆ ಊದಿದ್ರ ಬಸ್ಸು ನಿಲ್ತೈತಿ, ನಾ ಇಳೀತೇನಿ. ಒಂದಿನಾನೂ ಇವರು ನನ್ನ ತಪ್ಪು ಜಾಗಾದಾಗ ಇಳಿಸಿರಲಿಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತು, ಡ್ರೈವರೂ ನಕ್ಕ. ನನಗೆ ನಗು ಬರಲಿಲ್ಲ. ಟಿಕೆಟ್ಟಿನ ಕಟ್ಟು ಹಿಡಿದು ಹಿಂದಿನ ಸಾಲಿನ ಕಡೆ ನಡೆದೆ. ಬ್ಯಾಡಗಿ ಬರುವವರೆಗೂ ನಾನು ಮುಂದಕ್ಕೆ ಬರಲಿಲ್ಲ.