ಮಗನ ಭಾರ

ಬಿಳಿಚೋಡಿನ ಬೋರಣ್ಣ ಕುರಿ ಸಾಕಿಕೊಂಡು ಬದುಕುವವನು. ಮರಿಗಳು ಮೈದುಂಬಿಕೊಂಡರೆ ಅವನಿಗೆ ಸಂತೋಷ. ಒಬ್ಬನೇ ಮಗ ಕೆಂಚೇಶ ಬೆಳೆಯುವುದನ್ನು ಕಂಡರೆ ಮಾತ್ರ ಎದೆ ಹಿಂಡಿದಂತಾಗುತ್ತಿತ್ತು.

ಐದನೇ ವಯಸ್ಸಿನಲ್ಲಿ ಹುಡುಗ ಓಡುವಾಗ ಮೇಲಿಂದ ಮೇಲೆ ಬೀಳತೊಡಗಿದ್ದ. ದಾವಣಗೆರೆಯ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ ಬೋರಣ್ಣನೊಬ್ಬನನ್ನೇ ಒಳಗೆ ಕರೆದರು.

"ಇದು ಹುಟ್ಟಿನಿಂದ ಬಂದದ್ದು. ಬೆಳೀತಾ ಹೋದ ಹಾಗೆ ಮೈಯಲ್ಲಿ ಶಕ್ತಿ ಕಡಿಮೆಯಾಗುತ್ತೆ. ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರು. ವಾಸಿ ಮಾಡೋ ಔಷಧಿ ಇನ್ನೂ ಬಂದಿಲ್ಲ."

ವಾಪಸು ಬರುವ ಬಸ್ಸಿನಲ್ಲಿ ಹೆಂಡತಿ ದುರುಗಕ್ಕ ಕೇಳಿದಳು, "ಏನಂದ್ರು?"

"ದೊಡ್ಡೋನಾದ್ಮೇಲೆ ಸರಿಹೋಗ್ತೈತಂತೆ" ಎಂದ ಬೋರಣ್ಣ.

ಅಂದಿನಿಂದ ಅವಳು ಮಗ ದೊಡ್ಡವನಾಗುವುದನ್ನೇ ಕಾಯತೊಡಗಿದಳು. ತುಪ್ಪ, ಹಾಲು, ಮೊಟ್ಟೆ, ಮನೆಯಲ್ಲಿ ಏನಿದ್ದರೂ ಮೊದಲು ಅವನಿಗೆ. ಹತ್ತು ತುಂಬುವಷ್ಟರಲ್ಲಿ ಕಾಲುಗಳು ಪೂರ್ತಿ ಸೋತವು. ಓಣಿಯ ಕಲ್ಲುಗಳಲ್ಲಿ ಗಾಲಿಕುರ್ಚಿ ಉರುಳುತ್ತಿರಲಿಲ್ಲ. ಬೋರಣ್ಣ ಅವನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟು, ಆಮೇಲೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ದಾರಿಯುದ್ದಕ್ಕೂ ಕೆಂಚೇಶ ಅಪ್ಪನ ಕಿವಿಯ ಹತ್ತಿರ ಪಾಠ ಒಪ್ಪಿಸುತ್ತಿದ್ದ.

ಎಂಟನೇ ಕ್ಲಾಸಿನ ಮಳೆಗಾಲದಲ್ಲಿ, ಶಾಲೆಯ ಮೆಟ್ಟಿಲು ಹತ್ತುವಾಗ ಬೋರಣ್ಣನ ಸೊಂಟ ಹಿಡಿದುಕೊಂಡಿತು. ಇಬ್ಬರೂ ಬಿದ್ದರು. ಹುಡುಗನ ಹಣೆ ಒಡೆಯಿತು.

"ಕಾಲು ಜಾರ್ತು ಕಣೋ" ಎಂದ ಬೋರಣ್ಣ. ಅಪ್ಪ ಸೊಂಟ ಹಿಡಿದುಕೊಂಡು ಏಳುವುದನ್ನೇ ಕೆಂಚೇಶ ನೋಡಿದ.

ದೀಪಾವಳಿಯ ಹೊತ್ತಿಗೆ ಬೆನ್ನ ಮೇಲಿನ ಭಾರ ಹಗುರವಾಗಿತ್ತು. ತನ್ನ ಸೊಂಟ ಸುಧಾರಿಸಿರಬೇಕು ಎಂದುಕೊಂಡ ಬೋರಣ್ಣ. ಒಂದು ಸಂಜೆ ಸಂಧ್ಯಾರಾಣಿ ಟೀಚರ್ ಅವನನ್ನು ಪಕ್ಕಕ್ಕೆ ಕರೆದರು.

"ಬೋರಣ್ಣ, ಹುಡುಗ ಮಧ್ಯಾಹ್ನ ಊಟಾನೇ ಮಾಡಲ್ಲ. ತಟ್ಟೇಲಿರೋದನ್ನೆಲ್ಲ ಪಕ್ಕದೋರಿಗೆ ಹಾಕ್ತಾನೆ. ಮನೇಲಾದ್ರೂ ಉಣ್ತಾನಾ?"

ಮನೆಯಲ್ಲಿ ಅವನು ಶಾಲೆಯಲ್ಲೇ ಹೊಟ್ಟೆ ತುಂಬಿತು ಎನ್ನುತ್ತಿದ್ದ. ಬೋರಣ್ಣ ದಾರಿಯಲ್ಲಿ ಮಗನನ್ನು ಹಳ್ಳದ ಮೋರಿಕಟ್ಟೆಯ ಮೇಲೆ ಕೂರಿಸಿ, ತಾನು ಕೆಳಗೆ ಕುಕ್ಕರುಗಾಲಲ್ಲಿ ಕೂತ.

"ಯಾಕೋ ಉಣ್ಣಲ್ಲ?"

"ನಾನು ದಪ್ಪ ಆದ್ರೆ ನಿಂಗೆ ಹೊರಾಕೆ ಆಗಲ್ಲ."

"ಹೊರ್ತೀನಿ ಮಗಾ."

"ಅವತ್ತು ಬಿದ್ಯಲ್ಲ."

ಬೋರಣ್ಣ ಮಗನ ಹಣೆಯ ಮೇಲಿನ ಗಾಯದ ಕಲೆಯನ್ನು ಬೆರಳಿನಿಂದ ಸವರಿದ.

"ದೊಡ್ಡೋನಾದ್ಮೇಲೆ ಇದು ಸರಿಹೋಗಲ್ಲ, ಅಲ್ವಾ? ಈಗ ಕೈನೂ ಮೇಲೆ ಎತ್ತಾಕೆ ಆಗ್ತಿಲ್ಲ" ಎಂದ ಕೆಂಚೇಶ. "ಅವ್ವಂಗೆ ಹೇಳ್ಬೇಡ. ಅವ್ವ ಕಾಯ್ತಾ ಅವಳೆ."

ಬೋರಣ್ಣ ಮಗನ ಮೊಣಕಾಲಿಗೆ ಹಣೆ ಒತ್ತಿದ.

ಮನೆಗೆ ಬಂದು ತಾನೇ ಮುದ್ದೆ ಮುರಿದು ಅವನ ಬಾಯಿಗಿಟ್ಟ. "ಉಣ್ಣು. ನಿನ್ನ ಭಾರದ ಚಿಂತೆ ನಂಗಿರ್ಲಿ." ಕೆಂಚೇಶ ಅಪ್ಪನ ಮುಖ ನೋಡುತ್ತಲೇ ನುಂಗಿದ. ಒಂದೊಂದು ತುತ್ತಿಗೂ ದುರುಗಕ್ಕನ ಮುಖ ಅರಳುತ್ತಿತ್ತು.

ಬೇಸಿಗೆಗೆ ಅವನ ಕೈಗಳು ಬಾಯಿಯವರೆಗೆ ಏಳುವುದು ನಿಂತಿತು. ದುರುಗಕ್ಕ ಕುರಿಹಟ್ಟಿಗೆ ಬಂದು ಗಂಡನ ಎದುರು ನಿಂತಳು.

"ಡಾಕ್ಟರು ನಿಜವಾಗ್ಲೂ ಏನಂದಿದ್ರು?"

ಬೋರಣ್ಣ ಎಲ್ಲ ಹೇಳಿದ. ಅವಳು ಅಳಲಿಲ್ಲ. ಹಟ್ಟಿಯ ಬೇಲಿ ಹಿಡಿದು ನಿಂತಿದ್ದು, ಆಮೇಲೆ ಒಳಗೆ ಹೋಗಿ ಮಗನಿಗೆ ಹಾಲು ಕುಡಿಸಿದಳು. ಗಂಡನ ಜೊತೆ ಮಾತು ಮಾತ್ರ ಬಿಟ್ಟಳು.

ಶಾಲೆ ನಿಂತುಹೋಯಿತು. ಬೋರಣ್ಣ ಬೆಳಗ್ಗೆ ಮಗನನ್ನು ಅಂಗಳದ ಬಿಸಿಲಿಗೆ ಎತ್ತಿಕೊಂಡು ಬಂದು, ಗೋಡೆಗೆ ಒರಗಿಸಿ, ಒದ್ದೆ ಬಟ್ಟೆಯಿಂದ ಮುಖ ಒರೆಸುತ್ತಿದ್ದ. ಒಂದು ದಿನ ತುಟಿಯ ಮೇಲೆ ಅವನ ಕೈ ತಡೆದು ನಿಂತಿತು.

"ಅಪ್ಪಾ, ಮೀಸೆ ಬಂತಾ?" ಕೆಂಚೇಶ ಕೇಳಿದ.

"ಬಂತು" ಎಂದು ಬೋರಣ್ಣ ಬಟ್ಟೆ ಹಿಂಡಲು ಆ ಕಡೆ ತಿರುಗಿದ.